ಮೇಲಿಂದು ನಿಮಗೇ

ಎಲ್ಲದಕ್ಕೂ ಮೂಲ ಒಂದು ವಾಲ್‌ಟ್ಯೂಬು. ಸೈಕಲ್ ಚಕ್ರಕ್ಕೆ ತುಂಬಿದ ಗಾಳಿ ಹೊರಗೆ ಬಾರದಂತೆ ತಡೆಯುವ, ಕಿರುಬೆರಳಿನಷ್ಟೂ ಉದ್ದವಿಲ್ಲದ ರಬ್ಬರ್ ನಳಿಕೆ. ಅದನ್ನು ಮಾರುವುದಕ್ಕೆ ಅಂಗಡಿಯವನಿಗೇ ನಾಚಿಕೆ. ಕೇಳಿದವರಿಗೆ ಸುಮ್ಮನೆ ಕೊಟ್ಟು ಕಳಿಸುತ್ತಾನೆ. ಅಂಥದ್ದೊಂದು ಆ ದಿನ ಬೆಳಗ್ಗೆ ಹರಿಯಿತು. ಅದರ ಜೊತೆಗೆ ಬ್ರೆಡ್ಡಣ್ಣನ ಹಣೆಬರಹವೂ ಹರಿಯಿತು.

ಬ್ರೆಡ್ಡಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಬೇಕರಿಯಲ್ಲಿ ಬ್ರೆಡ್ಡು ಕೊಯ್ಯುವ ಕೆಲಸಕ್ಕೆ ಸೇರಿದ ಮೇಲೆ ಆ ಹೆಸರಿಗೆ ಕೆಲಸವಿಲ್ಲದೆ ಹೋಯಿತು. ಬೇಕರಿ ಇರುವುದು ಗುಡ್ಡದ ಬುಡದಲ್ಲಿ, ಮನೆ ಇರುವುದು ಗುಡ್ಡದ ನೆತ್ತಿಯಲ್ಲಿ. ಇಷ್ಟು ಹೇಳಿದರೆ ಅವನ ಆತ್ಮಕತೆ ಮುಗಿಯಿತು.

ಆ ಊರಿನಲ್ಲಿ ಸಮತಟ್ಟಾದ ಜಾಗ ಎಂದರೆ ಅವರವರ ಮಂಚ. ಅದಕ್ಕೂ ಒಂದು ಕಾಲಿನಡಿ ಇಟ್ಟಿಗೆ ಚೂರು ಇಡಬೇಕು. ಆದರೂ ಊರಿಗೆ ಊರೇ ಸೈಕಲ್ಲಿನ ಮೇಲೆ. ಅಂಚೆಯವನು, ಶಾಲೆ ಮಕ್ಕಳು, ಹಲ್ಲಿನ ಡಾಕ್ಟರು ಎಲ್ಲರೂ ಸೀಟಿನಿಂದ ಎದ್ದು ನಿಂತು ತುಳಿಯುತ್ತಾರೆ. ಎದುರಾದವರನ್ನು ಮಾತಾಡಿಸಲು ಉಸಿರಿಲ್ಲದೆ ಬರೀ ಗಂಟೆ ಬಾರಿಸಿ ಕ್ಷೇಮ ವಿಚಾರಿಸುತ್ತಾರೆ. ದಿನಾ ಪಡುವ ಈ ಪಾಡು ಸಾಲದೆಂಬಂತೆ ವರ್ಷಕ್ಕೊಮ್ಮೆ ಅದಕ್ಕೇ ‘ಗುಡ್ಡದ ರೇಸು’ ಎಂದು ಹೆಸರಿಟ್ಟು, ಬೆನ್ನಿಗೂ ಸೈಕಲ್ಲಿಗೂ ನಂಬರು ಕಟ್ಟಿಕೊಂಡು ಹತ್ತುತ್ತಾರೆ. ಹುಚ್ಚಿನಲ್ಲಿ ಇದು ಯಾವ ಜಾತಿಯದೋ ಬ್ರೆಡ್ಡಣ್ಣನಿಗೆ ತಿಳಿಯದು.

ಬೆಳಗ್ಗೆ ಇಳಿಯುವಾಗ ಅವನಿಗೆ ಬ್ರೇಕು ಹಿಡಿದೇ ಕೈ ಮರಗಟ್ಟುತ್ತಿತ್ತು. ಸಂಜೆ ಹತ್ತುವಾಗ ಅವನು ಸೈಕಲ್ ತುಳಿದವನೇ ಅಲ್ಲ. ಮೊಂಡು ಹೋರಿಯನ್ನು ಹೊಡೆದುಕೊಂಡು ಬರುವವನಂತೆ ತಳ್ಳಿಕೊಂಡೇ ಬರುತ್ತಿದ್ದ. ಮನೆ ಸೇರುವ ಹೊತ್ತಿಗೆ ಹೆಣವಾಗಿರುತ್ತಿದ್ದ. ಹೆಂಡತಿ ಇಡೀ ದಿನದ ಮಾತನ್ನು ಕೂಡಿಟ್ಟುಕೊಂಡು ಬಾಗಿಲಲ್ಲಿ ಕಾದಿದ್ದರೆ, ಇವನು ತಟ್ಟೆಯ ಮುಂದೆ ಕೂತು, ಕೈಯಲ್ಲಿ ತುತ್ತು ಹಿಡಿದೇ ನಿದ್ದೆ ಹೋಗುತ್ತಿದ್ದ.

“ನಾನೇನು ಗೋಡೆ ಜೊತೆ ಸಂಸಾರ ಮಾಡ್ತಿದೀನೇನ್ರೀ?” ಎಂದು ಅವಳು ಒಂದು ದಿನ ಕೇಳಿದಳು. “ಗೋಡೆನಾದ್ರೂ ವಾಸಿ, ಗೊರಕೆ ಹೊಡೆಯಲ್ಲ.”

ಆ ಮಾತು ಬ್ರೆಡ್ಡಣ್ಣನ ಎದೆಗೆ ನಾಟಿತು. ಈ ಜನ್ಮದಲ್ಲಿ ಒಂದು ಸಂಜೆಯಾದರೂ ಕಣ್ಣು ಬಿಟ್ಟುಕೊಂಡು ಹೆಂಡತಿಯ ಮಾತು ಕೇಳಬೇಕು, ಅದಕ್ಕೆ ಈ ಗುಡ್ಡ ತಪ್ಪಬೇಕು. ಬೇರೇನೂ ಅವನಿಗೆ ಬೇಕಿರಲಿಲ್ಲ.

ದಾರಿಯೊಂದು ಇತ್ತು. ಬೇಕರಿಯ ಮಾಳಿಗೆಯ ಮೇಲೆ ಒಂದು ಕೋಣೆ ಖಾಲಿ ಬಿದ್ದಿತ್ತು. ಬೇಕರಿಯವರೆಲ್ಲ ಅದನ್ನು ‘ಮೇಲಿಂದು’ ಎನ್ನುತ್ತಿದ್ದರು. ಹಿಟ್ಟಿನ ಮೂಟೆ ಎಲ್ಲಿದೆ ಎಂದರೆ ಮೇಲಿಂದರಲ್ಲಿ, ಬೆಕ್ಕು ಎಲ್ಲಿ ಮರಿ ಹಾಕಿದೆ ಎಂದರೆ ಮೇಲಿಂದರಲ್ಲಿ. ಅದು ಸಿಕ್ಕರೆ ಕೆಲಸವೂ ಬುಡದಲ್ಲಿ, ಮನೆಯೂ ಬುಡದಲ್ಲಿ. ಬ್ರೆಡ್ಡಣ್ಣ ಯಜಮಾನಿಯವರ ಮುಂದೆ ಕೈಕಟ್ಟಿ ನಿಂತು ಕೇಳಿಯೂ ಬಿಟ್ಟ.

ಬೇಕರಿಯ ಯಜಮಾನಿಯವರದು ಮಾತಿಗೂ ಹಿಟ್ಟಿಗೂ ಒಂದೇ ಅಳತೆ, ಚೆಲ್ಲುವವರಲ್ಲ. “ನೋಡೋಣ” ಎಂದರು.

“‘ನೋಡೋಣ’ ಅಂದ್ರೆ ಸಿಗಲ್ಲ ಅಂತ ಅರ್ಥ,” ಎಂದ ಪಕ್ಕದ ಮೇಜಿನಲ್ಲಿ ಕೇಕಿನ ಮೇಲೆ ಗುಲಾಬಿ ಹೂ ಬಿಡುತ್ತಿದ್ದ ಕೇಕಿನವನು. ಕೇಳದೇ ಸಲಹೆ ಕೊಡುವುದರಲ್ಲಿ ಅವನದು ಎತ್ತಿದ ಕೈ. “ಸುಮ್ನೆ ಕೇಳಿದ್ರೆ ಯಾರು ಕೊಡ್ತಾರೆ? ಕುಂಟು. ಮಂಡಿ ಸವೆದುಹೋಗಿದೆ ಅನ್ನು. ಹೆಂಗಸರ ಕರುಳು, ಕರಗುತ್ತೆ.”

ಅಂದಿನಿಂದ ಬ್ರೆಡ್ಡಣ್ಣ ಕುಂಟತೊಡಗಿದ. ಕುಂಟುವುದೂ ಒಂದು ವಿದ್ಯೆ, ಅದಕ್ಕೂ ಜ್ಞಾಪಕಶಕ್ತಿ ಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. “ನಿನ್ನೆ ಎಡಗಾಲಲ್ವಾ?” ಎಂದು ಯಜಮಾನಿಯವರು ಒಮ್ಮೆ ಕೇಳಿದಾಗ ಅವನ ಜೀವ ಬಾಯಿಗೆ ಬಂದಿತ್ತು. “ನೋವು ಓಡಾಡ್ತಿದೆ ಅಮ್ಮಾ” ಎಂದು ಹೇಗೋ ತಪ್ಪಿಸಿಕೊಂಡ. “ಪಾಪ, ಅದಾದ್ರೂ ಓಡಾಡ್ತಿದೆಯಲ್ಲ,” ಎಂದು ಅವರು ಒಳಗೆ ಹೋದರು.

ವಾಲ್‌ಟ್ಯೂಬು ಹರಿದದ್ದು ಇಂಥ ದಿನಗಳಲ್ಲಿ, ರೇಸಿನ ದಿನದ ಬೆಳಗ್ಗೆ.

ಚಪ್ಪಟೆಯಾದ ಚಕ್ರದ ಮುಂದೆ ತಲೆಮೇಲೆ ಕೈಹೊತ್ತು ಕೂತಿದ್ದ ಬ್ರೆಡ್ಡಣ್ಣನನ್ನು ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಕಂಡರು. ಈ ಮೇಷ್ಟ್ರು ಅವನ ಮನೆಯ ಮಾಲೀಕರೂ ಹೌದು, ರೇಸಿನ ಮುಖ್ಯಸ್ಥರೂ ಹೌದು. ಆ ಓಣಿಗೆಲ್ಲ ಇದ್ದ ಒಂದೇ ಫೋನು ಅವರ ಮನೆಯದು. ಹಾಗಾಗಿ ಎಲ್ಲರ ಸುದ್ದಿಯೂ ಮೊದಲು ಅವರ ಕಿವಿಗೆ ಬಿದ್ದು, ಅವರಿಗೆ ಅರ್ಥವಾದಷ್ಟು ಮುಂದಕ್ಕೆ ಹೋಗುತ್ತಿತ್ತು.

“ಏನಯ್ಯಾ, ಸೈಕಲ್ ಮುಂದೆ ಸತ್ತೋರ ಮನೇಲಿ ಕೂತ ಹಾಗೆ ಕೂತಿದೀಯ? ನನ್ನ ಗಾಡಿ ತಗೊಂಡು ಹೋಗು.”

ಮೇಷ್ಟ್ರ ಗಾಡಿ ಎಂದರೆ ಅವರು ಪ್ರಾಯದಲ್ಲಿ ರೇಸು ಗೆದ್ದ ಸೈಕಲ್ಲು. ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್ಲು, ಪೆಡಲಿನಲ್ಲಿ ಪಾದ ಕಟ್ಟಿಕೊಳ್ಳುವ ಚರ್ಮದ ಪಟ್ಟಿ, ಮುಂದೆ ‘7’ ಎಂದು ಬರೆದ ತಗಡು.

“ಮೇಷ್ಟ್ರೇ, ಈ ನಂಬರು ಬಿಚ್ಚಿಡಲಾ?”

“ಕೈ ಹಚ್ಚಿದ್ರೆ ಹುಷಾರ್! ಅದು ನನ್ನ ಅದೃಷ್ಟದ ನಂಬರು,” ಎಂದರು ಮೇಷ್ಟ್ರು. ಅದೃಷ್ಟ ಅವರದೆಂದು ಮೊದಲೇ ಹೇಳಿದ್ದರು ನೋಡಿ, ತಪ್ಪು ಅವರದಲ್ಲ.

ಬ್ರೆಡ್ಡಣ್ಣ ಬೇಕರಿ ತಲುಪಿ, ಇವತ್ತು ಬಲಗಾಲು ಎಂದು ಬಾಯಿಪಾಠ ಮಾಡಿಕೊಂಡು, ಕುಂಟುತ್ತ ಒಳಗೆ ಹೋದ. ಬ್ರೆಡ್ಡು ಕೊಯ್ಯುತ್ತಿದ್ದಾಗ ಯಜಮಾನಿಯವರು ಬಂದು ಹಿಂದೆ ನಿಂತರು.

“ಬ್ರೆಡ್ಡಣ್ಣ, ನಿಮ್ಮ ವಿಷಯ ತೀರ್ಮಾನ ಮಾಡಿದೆ. ನಿಮ್ಮ ಮಂಡಿ ನೋಡಿ ಹೊಟ್ಟೆ ಉರೀತು. ಮೇಲಿಂದು ನಿಮಗೇ. ಮನೆಗೂ ಫೋನ್ ಮಾಡಿ ತಿಳಿಸಿದೀನಿ.”

ಬ್ರೆಡ್ಡಣ್ಣನ ಕೈಯಲ್ಲಿದ್ದ ಚಾಕು ಬ್ರೆಡ್ಡಿನಲ್ಲೇ ನಿಂತಿತು. ಕಣ್ಣಲ್ಲಿ ನೀರು ತುಂಬಿತು. ಕಾಲಿಗೆ ಬೀಳೋಣವೆಂದು ಬಗ್ಗಿದವನು, ಮಂಡಿ ಬಗ್ಗಿಸಬಾರದೆಂಬುದು ಅರ್ಧದಲ್ಲಿ ನೆನಪಾಗಿ ಹಾಗೇ ನಿಂತ. “ಅಮ್ಮಾ, ನಿಮ್ಮ ಹೊಟ್ಟೆ ತಣ್ಣಗಿರಲಿ,” ಎಂದ.

“ಸಾಕು. ಇವತ್ತು ರೇಸಿಗೆ ರಸ್ತೆ ಮುಚ್ತಾರೆ. ಅಷ್ಟರೊಳಗೆ ನಿಧಾನವಾಗಿ ಮನೆ ಸೇರ್ಕೊಳ್ಳಿ. ಗೆದ್ದೋರಿಗೆ ಹಂಚೋ ಬನ್ನು ನಮ್ಮದೇ, ನಾನೂ ಕಾರಲ್ಲಿ ಮೇಲೆ ಬರ್ತೀನಿ.”

ಮಧ್ಯಾಹ್ನ ಬ್ರೆಡ್ಡಣ್ಣ ಸೈಕಲ್ ತಳ್ಳಿಕೊಂಡು ಹೊರಟ. ಇನ್ನು ನಾಲ್ಕು ದಿನ ತಳ್ಳಿದರೆ ಮುಗಿಯಿತು, ಆಮೇಲೆ ಈ ಗುಡ್ಡಕ್ಕೆ ಎಳ್ಳುನೀರು ಎಂದು ಲೆಕ್ಕ ಹಾಕುತ್ತ ನಡೆದವನು, ಬೇಕರಿ ಬೀದಿಯ ಮೂಲೆ ತಿರುಗಿದಾಗ ರೇಸು ಆಗಲೇ ಬಿಟ್ಟಿತ್ತು. ಬಾವುಟ ಹಿಡಿದು ನಿಂತಿದ್ದವನು ಊರಿನ ದರ್ಜಿ. ಅವನ ಕಣ್ಣಿಗೆ ಬಿದ್ದದ್ದು ಬ್ರೆಡ್ಡಣ್ಣನ ಮುಖವಲ್ಲ, ತಗಡಿನ ನಂಬರು.

“ಅಯ್ಯಯ್ಯೋ, ಎಲ್ಲಿ ಹೋಗಿದ್ರಿ? ಎಲ್ಲರೂ ಹೊರಟುಹೋದ್ರು! ಹತ್ತಿ, ಹತ್ತಿ!”

“ನಾನು ಹತ್ತಲ್ಲ ಸ್ವಾಮಿ.”

“ಹತ್ತಲ್ಲ ಅಂತ ಕಾಣಿಸ್ತಿದೆಯಲ್ಲ! ಹತ್ತು ಆಗಲೇ ಸೇತುವೆ ದಾಟಿದಾನೆ. ನೀವು ಏಳು!”

“ಏಳೂ ಅಲ್ಲ, ಬೀಳೂ ಅಲ್ಲ. ನಾನು ಹತ್ತೋನೇ ಅಲ್ಲ!”

“ನಾನೂ ಬಾಯಿ ಬಡ್ಕೊಂಡು ಅದನ್ನೇ ಹೇಳ್ತಿದೀನಿ, ನೀವು ಹತ್ತಲ್ಲ, ಏಳು, ಏಳು!” ಎಂದ ದರ್ಜಿ, ಪಕ್ಕದವರತ್ತ ತಿರುಗಿ, “ಹೆದರಿಕೆಗೆ ಪಾಪ ಎಣಿಕೆ ಮರೆತುಹೋಗಿದೆ. ಎತ್ರಪ್ಪಾ!”

ನಾಲ್ಕು ಕೈಗಳು ಅವನನ್ನು ಹಿಟ್ಟಿನ ಮೂಟೆಯಂತೆ ಎತ್ತಿ ಸೀಟಿನ ಮೇಲೆ ಕೂರಿಸಿದವು. ಯಾರೋ ಪುಣ್ಯಾತ್ಮರು ಎರಡೂ ಪಾದಗಳನ್ನು ಪೆಡಲಿಗೆ ಇಟ್ಟು ಚರ್ಮದ ಪಟ್ಟಿಯನ್ನು ಬಿಗಿದರು. ಹಿಂದಿನಿಂದ ಒಂದು ನೂಕು. ಸೈಕಲ್ಲು ಹೊರಟಿತು. ಮೇಲಿದ್ದವನೂ ಅದರ ಜೊತೆಗೆ ಹೊರಡಬೇಕಾಯಿತು.

ಮೊದಲ ತಿರುವಿನಲ್ಲಿ ಇಳಿದುಬಿಡೋಣವೆಂದರೆ ಪಾದಗಳು ಕಟ್ಟಿಹಾಕಿವೆ. ನಿಲ್ಲಿಸಿದರೆ ಬೀಳಬೇಕು, ಬೀಳಬಾರದೆಂದರೆ ತುಳಿಯಬೇಕು. ಬ್ರೆಡ್ಡಣ್ಣ ತುಳಿದ. ಹಿಂದೆ ಒಂದು ಕಾರು ಪೀಂ ಪೀಂ ಎನ್ನುತ್ತ ಬರುತ್ತಿತ್ತು. ರೇಸಿನ ನಿಯಮ ಹಾಗೆ: ಕಟ್ಟಕಡೆಯವನ ಹಿಂದೆ ಒಂದು ಕಾರು ಬರಬೇಕು, ಅವನು ಎಲ್ಲಾದರೂ ಬಿದ್ದರೆ ಎತ್ತಿಹಾಕಿಕೊಳ್ಳಲು. ಕಟ್ಟಕಡೆಯವನು ಯಾರು ಎಂದು ಕೇಳುವುದೇ ಬೇಡ. ಬ್ರೆಡ್ಡಣ್ಣ ಹೇಗೋ ಕತ್ತು ತಿರುಗಿಸಿ ನೋಡಿದ. ಕಾರಿನ ಮುಂದಿನ ಸೀಟಿನಲ್ಲಿ, ಬನ್ನಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಜಮಾನಿಯವರು ಕೂತಿದ್ದರು.

ಸೈಕಲ್ ಮೇಲೆ ಕೂತ ಮನುಷ್ಯ ಕುಂಟುವುದು ಹೇಗೆ? ಈ ಪ್ರಶ್ನೆಗೆ ಬ್ರೆಡ್ಡಣ್ಣ ಜೀವ ತೇಯ್ದು ಉತ್ತರ ಹುಡುಕಿದ. ಬಲಗಾಲನ್ನು ಸಡಿಲ ಬಿಟ್ಟು ಎಡಗಾಲಿನಲ್ಲಿ ಮಾತ್ರ ತುಳಿದು ನೋಡಿದ. ಸೈಕಲ್ಲು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಓಲಾಡಿತು. ಅಕ್ಕಪಕ್ಕದ ಜನ ಹುಚ್ಚೆದ್ದರು.

“ನೋಡ್ರೋ, ಏರಿಗೆ ಅಡ್ಡಡ್ಡ ತುಳೀತಾನೆ! ಪಳಗಿದ ಕಾಲು!”

“ಅಯ್ಯೋ, ನನ್ನ ಮಂಡಿ!” ಎಂದು ಯಜಮಾನಿಯವರಿಗೆ ಕೇಳುವಂತೆ ಕೂಗಿದ. ಜನಕ್ಕೆ ಅದೇ ಘೋಷಣೆಯಾಯಿತು. “ಅಯ್ಯೋ ನನ್ನ ಮಂಡಿ! ಅಯ್ಯೋ ನನ್ನ ಮಂಡಿ!” ಎಂದು ಇಡೀ ತಿರುವೇ ಒಟ್ಟಾಗಿ ಚಪ್ಪಾಳೆ ತಟ್ಟಿತು.

“ಇಳಿಸ್ರಪ್ಪಾ, ನಿಮ್ಮ ದಮ್ಮಯ್ಯ!” ಎಂದು ಬೇಡಿಕೊಂಡ.

“ಇಳಿಯೋದು ಆಮೇಲೆ ಇದ್ದೇ ಇದೆ, ಮೊದಲು ಹತ್ತಿ!” ಎಂದು ಒಬ್ಬಳು ಮುದುಕಿ ತನ್ನ ಊರುಗೋಲಿನಿಂದ ಸೈಕಲ್ಲಿನ ಬೆನ್ನಿಗೆ ಒತ್ತು ಕೊಟ್ಟಳು.

ಮೇಲಿಂದು ಹೋಯಿತು ಎಂದುಕೊಂಡ ಬ್ರೆಡ್ಡಣ್ಣ. ಒಂದೊಂದು ತುಳಿತಕ್ಕೂ ಕೋಣೆಯ ಒಂದೊಂದು ಭಾಗ ಅವನ ಕಣ್ಣಮುಂದೆಯೇ ಕುಸಿಯುತ್ತಿತ್ತು. ಕಿಟಕಿ ಹೋಯಿತು, ಬಾಗಿಲು ಹೋಯಿತು, ಸಂಜೆ ಹೆಂಡತಿಯ ಎದುರು ಕಣ್ಣು ಬಿಟ್ಟು ಕೂರಬೇಕೆಂದಿದ್ದ ಜಾಗವೂ ಹೋಯಿತು. ಅವನು ಬಿಕ್ಕಿ ಬಿಕ್ಕಿ ಅಳುತ್ತ ತುಳಿದ. ಬೆವರು ಯಾವುದು ಕಣ್ಣೀರು ಯಾವುದು ಎಂದು ಜನಕ್ಕೆ ತಿಳಿಯಲಿಲ್ಲ.

ಕೊನೆಯ ತಿರುವಿನಲ್ಲಿ ಅವನ ಓಣಿಯವರೇ ಸಾಲುಗಟ್ಟಿ ನಿಂತಿದ್ದರು. ಎದುರುಮನೆಯ ಗಡಿಯಾರ ರಿಪೇರಿಯವನು ಪಕ್ಕದಲ್ಲೇ ಓಡುತ್ತ ಕೂಗಿದ: “ಬ್ರೆಡ್ಡಣ್ಣಾ! ಮಂಚ ಹೋಯ್ತು, ಬೀರು ಹೋಯ್ತು, ಇನ್ನು ನೀವೊಬ್ರೇ ಬಾಕಿ!”

ಮಂಚ, ಬೀರು ಎಂದರೆ ಮುಂದೆ ಹೋದ ಸವಾರರ ಅಡ್ಡಹೆಸರಿರಬೇಕು ಎಂದುಕೊಂಡು ಬ್ರೆಡ್ಡಣ್ಣ ಹಲ್ಲು ಕಚ್ಚಿ ತುಳಿದ.

ಗುರಿಯಲ್ಲಿ ಕಟ್ಟಿದ್ದ ಪಟ್ಟಿಯನ್ನು ಗೆದ್ದವನು ಯಾವಾಗಲೋ ಹರಿದಿದ್ದ. ಡ್ರಿಲ್ ಮೇಷ್ಟ್ರು ಓಡಿಬಂದು ಸೈಕಲ್ಲನ್ನು ಹಿಡಿದುಕೊಂಡರು. ಮೊದಲು ತಗಡಿನ ನಂಬರಿಗೆ ಏನಾದರೂ ಆಗಿದೆಯೇ ಎಂದು ನೋಡಿ, ಆಮೇಲೆ ಮನುಷ್ಯನನ್ನು ಬಿಚ್ಚಿದರು. ಬ್ರೆಡ್ಡಣ್ಣ ರಸ್ತೆಯ ಮೇಲೆ ಹಾಗೇ ಒರಗಿದ. ಕಾರಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಕಣ್ಣು ತೆರೆದರೆ ಎದುರಿಗೆ ಯಜಮಾನಿಯವರ ಚಪ್ಪಲಿ.

“ಯಾವ ಕಾಲು?” ಎಂದರು ಯಜಮಾನಿಯವರು.

“ಅಮ್ಮಾ…”

“ಬುಡದಿಂದ ನೆತ್ತಿವರೆಗೂ ಹಿಂದೇನೇ ಬಂದೆ. ಎರಡೂ ಗಟ್ಟಿಮುಟ್ಟಾಗಿವೆ.”

“ತಪ್ಪಾಯ್ತಮ್ಮಾ! ಸುಳ್ಳು ಹೇಳಿದೆ. ಗುಡ್ಡ ಹತ್ತಿ ಹತ್ತಿ ಹೆಂಡತಿ ಮುಖ ಸರಿಯಾಗಿ ನೋಡಿ ವರ್ಷಗಳೇ ಆದವು, ಅದಕ್ಕೆ ಹಾಗೆ ಮಾಡಿದೆ. ಏನು ಶಿಕ್ಷೆ ಬೇಕಾದ್ರೂ ಕೊಡಿ, ಮೇಲಿಂದು ಮಾತ್ರ ಕಿತ್ಕೋಬೇಡಿ.”

ಯಜಮಾನಿಯವರು ಬನ್ನಿನ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. “ಕೊಟ್ಟ ಮಾತು ಕೊಟ್ಟದ್ದೇ. ಕಿತ್ಕೊಳ್ಳಲ್ಲ. ಎದ್ದು ನೋಡಿ, ಅದೋ ಅಲ್ಲಿದೆ.”

ಬ್ರೆಡ್ಡಣ್ಣ ಎದ್ದು ನೋಡಿದ. ಓಣಿಯ ಬಾಯಲ್ಲೇ, ಅವನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಹೊಸದಾಗಿ ಬಣ್ಣ ಬಳಿದ ಒಂದು ಅಂಗಡಿ.

“ಏನಮ್ಮಾ ಅದು?”

“ಮೇಲಿಂದು. ಮೇಲಿನ ಅಂಗಡಿ. ಮಂಡಿ ನೋವಿನ ಮನುಷ್ಯ ದಿನಾ ಹತ್ತಿ ಇಳಿದು ಸಾಯೋದ್ಯಾಕೆ, ಮನೆ ಹತ್ರಾನೇ ಕೂತು ಮಾರ್ಕೊಂಡಿರಲಿ ಅಂತ ನಿಮಗೆ ಇಟ್ಟೆ. ಬ್ರೆಡ್ಡು ದಿನಾ ಬೆಳಗ್ಗೆ ವ್ಯಾನಲ್ಲಿ ಬರುತ್ತೆ. ಕೆಳಗೆ ನಿಮ್ಮ ಜಾಗಕ್ಕೆ ಕೇಕಿನವರ ತಮ್ಮನ್ನ ತಗೊಂಡಾಯ್ತು.”

ಅರ್ಥವಾಗಲು ಬ್ರೆಡ್ಡಣ್ಣನಿಗೆ ಒಂದು ಗಳಿಗೆ ಹಿಡಿಯಿತು. ಮನೆಯೂ ನೆತ್ತಿಯಲ್ಲಿ, ಕೆಲಸವೂ ನೆತ್ತಿಯಲ್ಲಿ! ಇನ್ನು ಹತ್ತುವುದಿಲ್ಲ, ಇಳಿಯುವುದೂ ಇಲ್ಲ! ರೋಗಿ ಬಯಸಿದ್ದು ಒಂದು, ವೈದ್ಯ ಕೊಟ್ಟದ್ದು ಅದಕ್ಕಿಂತ ರುಚಿಯಾದದ್ದು. ಯಜಮಾನಿಯವರಿಗೆ ಕೈಮುಗಿದು, ಎರಡು ಕಾಲೂ ನೆಟ್ಟಗಿಟ್ಟುಕೊಂಡು, ಹೆಂಡತಿಗೆ ಹೇಳಲು ಮನೆಗೆ ಓಡಿದ.

ಬಾಗಿಲು ತೆಗೆದವಳು ಮೇಷ್ಟ್ರ ಮಗಳು. ಕೈಯಲ್ಲಿ ಪೊರಕೆ. ಅವಳ ಹಿಂದೆ ಅವಳ ಗಂಡ ಸ್ಟೂಲು ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಮಂಚವಿದ್ದ ಜಾಗದಲ್ಲಿ ಇಟ್ಟಿಗೆ ಚೂರು ಮಾತ್ರ ಉಳಿದಿತ್ತು.

“ನನ್ನ ಹೆಂಡತಿ?” ಎಂದ ಬ್ರೆಡ್ಡಣ್ಣ.

ಉತ್ತರ ಹಿಂದಿನಿಂದ ಬಂತು; ಡ್ರಿಲ್ ಮೇಷ್ಟ್ರು ಬಂದು ನಿಂತಿದ್ದರು. “ಕೆಳಗೆ ಹೋದಳಲ್ಲಯ್ಯಾ! ನಿಮ್ಮ ಯಜಮಾನಿ ಫೋನ್ ಮಾಡಿ ‘ಮೇಲಿಂದು ಅವರಿಗೇ’ ಅಂದ್ರು. ನಾನು ಹೋಗಿ ಹೇಳಿದೆ. ಬೇಕರಿ ಮೇಲಿನ ಕೋಣೆ ಸಿಕ್ತು ಅಂತ ನಿನ್ನ ಹೆಂಡ್ತಿ ಕುಣಿದಾಡಿಬಿಟ್ಲು. ರೇಸು ಶುರುವಾಗೋದರೊಳಗೆ ಆಗಲಿ ಅಂತ ನಾನೇ ನಿಂತು ಗಾಡಿ ಮಾಡಿಸಿ, ಸಾಮಾನು ಏರಿಸಿ, ದೊಡ್ಡ ಗಾಡಿ ಈ ತಿರುವುಗಳಲ್ಲಿ ಹೋಗಲ್ಲ ಅಂತ ಸುತ್ತು ದಾರೀಲಿ ಕಳಿಸಿಕೊಟ್ಟೆ. ನೆರೆಹೊರೆ ಅಂದ್ಮೇಲೆ ಇಷ್ಟೂ ಮಾಡದಿದ್ರೆ ಹೇಗೆ?”

“ಮೇಷ್ಟ್ರೇ, ಮನೆ ವಾಪಸ್ ಕೊಡಿ!”

“ಎಲ್ಲಿಂದ ಕೊಡ್ಲಿ? ಮಗಳು ಮನೆಗೋಸ್ಕರ ವರ್ಷದಿಂದ ಪ್ರಾಣ ತಿಂತಿದ್ಲು. ನೋಡು, ಅಳಿಯ ಮೊಳೆ ಹೊಡೆದಾಯ್ತು.”

ಬ್ರೆಡ್ಡಣ್ಣ ಬಂದ ದಾರಿಯಲ್ಲೇ ಓಡಿದ. ಯಜಮಾನಿಯವರು ಹೊಸ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬನ್ನು ಹಂಚುತ್ತಿದ್ದರು. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದ. ಅಂಥ ಗಟ್ಟಿ ಹೆಂಗಸಾದ ಆಕೆಯೂ ಕಣ್ಣೊರೆಸಿಕೊಂಡರು.

“ಪಾಪ, ಹೆಣ್ಣುಮಗಳು ಬೇಕರಿ ಬಾಗಿಲಲ್ಲಿ ಸಾಮಾನು ಸುರಿದುಕೊಂಡು ಕೂತಿರ್ತಾಳೆ. ಸರಿ, ಆ ಕೋಣೆನೂ ನೀವೇ ಇಟ್ಕೊಳ್ಳಿ. ಬಾಡಿಗೆ ಬೇಡ. ಫೋನ್ ಮಾಡಿ ಬಾಗಿಲು ತೆಗೆಸ್ತೀನಿ.”

“ಅಮ್ಮಾ, ಹಾಗಾದ್ರೆ ಕೆಲಸನೂ ಕೆಳಗೇ…”

“ನೀವು ಹೊರಟ ಕೂಡಲೇ ಕೇಕಿನವರ ತಮ್ಮ ಚಾಕು ಹಿಡಿದಾಯ್ತು, ಕೈ ಚೆನ್ನಾಗಿದೆ. ಬಂದ ದಿನಾನೇ ಹೇಗೆ ತೆಗೀಲಿ?” ಯಜಮಾನಿಯವರ ಮುಖದಲ್ಲಿ ಏನೋ ಹೊಳೆದಂತಾಯಿತು. “ಒಂದು ರೀತೀಲಿ ಒಳ್ಳೇದೇ ಆಯ್ತು ನೋಡಿ. ಆ ಸುತ್ತು ದಾರೀಲಿ ವ್ಯಾನು ಬರೋಷ್ಟರಲ್ಲಿ ಬ್ರೆಡ್ಡು ಆರಿಹೋಗುತ್ತೆ. ಹೇಗೂ ನೀವು ದಿನಾ ಬೆಳಗ್ಗೆ ಕೆಳಗಿಂದ ಬರ್ತೀರಿ. ಸೈಕಲ್ಲಿಗೆ ಎರಡು ಬುಟ್ಟಿ ಕಟ್ಕೊಂಡು ಬಿಸಿಬಿಸಿಯಾಗಿ ನೀವೇ ತಂದುಬಿಡಿ. ನಿಮ್ಮ ಕಾಲು ನಾನು ನೋಡಿದೀನಲ್ಲ.”

ಬ್ರೆಡ್ಡಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಷ್ಟು ದಿನ ಸಂಜೆ ಹೊತ್ತು ಬರಿಯ ಸೈಕಲ್ಲನ್ನು ತಳ್ಳುತ್ತಿದ್ದ. ನಾಳೆಯಿಂದ ಬೆಳ್ಳಂಬೆಳಗ್ಗೆ ಊರಿನ ಬ್ರೆಡ್ಡನ್ನೆಲ್ಲ ತಳ್ಳಬೇಕು. ಡ್ರಿಲ್ ಮೇಷ್ಟ್ರು ಅವನ ಬೆನ್ನು ತಟ್ಟಿ, “ಗಾಡಿ ನೀನೇ ಇಟ್ಕೋ ಕಣಯ್ಯಾ, ನಂಬರಿನ ಸಮೇತ. ನಿನ್ನಿಂದ ಅದಕ್ಕೊಂದು ಮರ್ಯಾದೆ ಬಂತು,” ಎಂದು ಸೈಕಲ್ಲನ್ನು ಅವನ ಕೈಗಿತ್ತರು.

ಅಂದು ಸಂಜೆ ಬ್ರೆಡ್ಡಣ್ಣ ಜೀವಮಾನದಲ್ಲಿ ಮೊದಲ ಸಲ ಮನೆಗೆ ಇಳಿದುಕೊಂಡು ಹೋದ. ಗಾಳಿ ತಂಪಾಗಿತ್ತು, ತುಳಿಯುವ ಕೆಲಸವೇ ಇರಲಿಲ್ಲ. ಒಂದೊಂದು ತಿರುವು ದಾಟಿದಾಗಲೂ ನಾಳೆ ಹತ್ತಬೇಕಾದದ್ದು ಇನ್ನೊಂದಾಯಿತಲ್ಲ ಎಂದು ಎಣಿಸುತ್ತ ಹೋದ. ಬೇಕರಿ ಮುಟ್ಟಿ ಇಳಿದಾಗ ಬಲಗಾಲು ನೆಲಕ್ಕೂರಲು ಬರಲಿಲ್ಲ. ಮಂಡಿ ಊದಿ ಬನ್ನಿನಂತಾಗಿತ್ತು. ಈಗ ಅವನು ನಿಜವಾಗಿ ಕುಂಟುತ್ತಿದ್ದ, ಯಾರೂ ನೋಡುತ್ತಿರಲಿಲ್ಲ.

ಮೇಲಿನ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಹೆಂಡತಿ ಬಗ್ಗಿ ನೋಡಿದಳು. ಅವಳ ಮುಖ ಮದುವೆಯ ದಿನದಷ್ಟು ಅರಳಿತ್ತು.

“ಬಂದ್ರಾ? ಎಷ್ಟು ಬೇಗ ಬಂದ್ರಿ! ನಿಮಗೆ ಹೇಳೋದು ಬೇಕಾದಷ್ಟಿದೆ. ಇನ್ಮೇಲೆ ಹತ್ತೋ ಗೋಳೇ ಇಲ್ಲ, ಅಲ್ವೇನ್ರೀ?”

ಬ್ರೆಡ್ಡಣ್ಣ ಆ ಮುಖ ನೋಡಿದ. ನಾಳೆ ಹೇಳಿದರಾಯಿತು ಎಂದುಕೊಂಡು ಸೈಕಲ್ಲನ್ನು ಗೋಡೆಗೆ ಒರಗಿಸಿ, ಏಣಿಯಂತೆ ಕಡಿದಾಗಿದ್ದ ಮರದ ಮೆಟ್ಟಿಲಿನ ಮೇಲೆ ಊದಿದ ಕಾಲಿಟ್ಟ.

“ರೀ, ಸೈಕಲ್ ಅಲ್ಲೇ ಬಿಡ್ಬೇಡಿ!” ಎಂದು ಮೇಲಿನಿಂದ ಹೆಂಡತಿ ಕೂಗಿದಳು. “ಈ ಬೀದೀಲಿ ಸೈಕಲ್ ಕಳ್ಳರ ಕಾಟವಂತೆ, ಕೇಕಿನವರು ಹೇಳಿದ್ರು. ಹೊತ್ಕೊಂಡು ಮೇಲಕ್ಕೆ ಬಂದ್ಬಿಡಿ.”

ಬ್ರೆಡ್ಡಣ್ಣ ಕೆಳಗಿಳಿದು, ಸೈಕಲ್ಲನ್ನು ಹೆಗಲಿಗೇರಿಸಿಕೊಂಡು, ಹತ್ತತೊಡಗಿದ.